ಆಟದ ಬಯಲು: ರಗ್ಬಿಯ ಋತುವೂ ಅಭಿಮಾನಿಯ ತಕ್ಕಡಿಯೂ

ಸುಗ್ಗಿ ಮುಗಿದ ಮೇಲೆ ಕಣದ ಬದಿಯಲ್ಲಿ ಕುಳಿತು ಯಾರ ಹೊಲದಲ್ಲಿ ಎಷ್ಟು ಪಲ್ಲ ಬೆಳೆಯಿತೆಂದು ಲೆಕ್ಕ ಹಾಕುವ ರೈತರಂತೆ, ಆಟದ ಋತು ಮುಗಿದ ಮೇಲೆ ಅದರ ಅಭಿಮಾನಿಗಳೂ ಲೆಕ್ಕಕ್ಕೆ ಕೂಡುವರು. ಯಾವ ತಂಡ ಮೇಲು, ಯಾವ ಆಟಗಾರ ಶ್ರೇಷ್ಠ, ಯಾರ ದುಡಿಮೆ ಯಾರ ಕಣ್ಣಿಗೂ ಬೀಳದೆ ಹೋಯಿತು ಎಂಬ ಈ ಚರ್ಚೆಯಲ್ಲಿ ಆಟದಲ್ಲಿರುವಷ್ಟೇ ರಸವುಂಟು. ಒಮ್ಮೊಮ್ಮೆ ಆಟಕ್ಕಿಂತಲೂ ಹೆಚ್ಚು ಜಗಳವುಂಟು. ಇಂಗ್ಲೆಂಡಿನ ವೃತ್ತಿ ರಗ್ಬಿಯ ಅಗ್ರಶ್ರೇಣಿಯಾದ ಪ್ರೀಮಿಯರ್‌ಷಿಪ್ಪಿನ ೨೦೨೪-೨೫ರ ಋತುವು ೨೦೨೫ನೆಯ ಇಸವಿ ಜೂನ್ ೧೪ರಂದು ಲಂಡನಿನ ಟ್ವಿಕನ್‌ಹ್ಯಾಮ್ ಮೈದಾನದಲ್ಲಿ ಕೊನೆಗೊಂಡಿತು. ಬಾತ್ ೨೩, ಲೆಸ್ಟರ್ ೨೧. ಎರಡೇ ಎರಡು ಅಂಕಗಳ ಅಂತರ. ಆ ಎರಡಂಕಗಳ ಹಿಂದೆ ಅಡಗಿದ್ದ ವಿಷಯಗಳು ಬಹಳ. ಈ ತಿಂಗಳು ಅವನ್ನು ನಮ್ಮ ವಾಚಕರೆದುರು ಇಡೋಣವೆಂದು ಎಣಿಸಿದ್ದೇವೆ.

ವಾಚಕರಲ್ಲಿ ಹೆಚ್ಚಿನವರು ಈ ಆಟವನ್ನು ಕಂಡಿರಲಾರರು. ೨೦೨೫ರ ಜೂನಿನಲ್ಲಿ ಮುಂಬಯಿಯಲ್ಲಿ ನಡೆದ ಭಾರತದ ಮೊದಲನೆಯ ರಗ್ಬಿ ಪ್ರೀಮಿಯರ್ ಲೀಗಿನಲ್ಲಿ ಬೆಂಗಳೂರಿನ ಹೆಸರು ಹೊತ್ತ ತಂಡವೊಂದಿದ್ದುದರಿಂದ ಕೆಲವು ಮನೆಗಳ ಹುಡುಗರಿಗೆ ಇದರ ಪರಿಚಯವಾಗಿರಬಹುದು. ಆದರೆ ಅದು ಏಳೇಳು ಮಂದಿಯ ಚುಟುಕಾದ ಆಟ. ನಾವು ಹೇಳಹೊರಟಿರುವುದು ಹದಿನೈದು ಹದಿನೈದು ಮಂದಿ, ಎಂಬತ್ತು ನಿಮಿಷಗಳ ಕಾಲ ಆಡುವ ಆಟವನ್ನು. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬಹುದು, ಕಾಲಿನಿಂದ ಮುಂದಕ್ಕೆ ಒದೆಯಬಹುದು. ಕೈಯಿಂದ ಎಸೆಯುವುದಾದರೆ ಮಾತ್ರ ಹಿಂದಕ್ಕೇ ಎಸೆಯಬೇಕು. ಎದುರಾಳಿಯ ಗೆರೆಯ ಆಚೆ ಚೆಂಡನ್ನು ನೆಲಕ್ಕೆ ಊರಿದರೆ ಅದಕ್ಕೆ ಟ್ರೈ ಎಂದು ಹೆಸರು, ಐದು ಅಂಕ; ಆಮೇಲಿನ ಒದೆತ ಗುರಿ ಮುಟ್ಟಿದರೆ ಇನ್ನೆರಡು. ಎದುರು ಪಕ್ಷದ ತಪ್ಪಿಗೆ ದೊರೆವ ದಂಡದ ಒದೆತಕ್ಕೆ ಮೂರು. ಆಟ ನಿಂತಾಗ ಎರಡೂ ಕಡೆಯ ಎಂಟೆಂಟು ಮಂದಿ ಬಾಗಿ, ಭುಜಕ್ಕೆ ಭುಜ ಹೆಣೆದು, ಟಗರುಗಳಂತೆ ಒತ್ತುವುದನ್ನು ಸ್ಕ್ರಮ್ ಎನ್ನುವರು. ಇದರ ಮುಂದಿನ ಸಾಲಿನ ಎರಡು ಕೊನೆಗಳಲ್ಲಿ ನಿಲ್ಲುವ ದಪ್ಪನೆಯ ಆಳುಗಳೇ ಪ್ರಾಪ್‌ಗಳು. ಇವರನ್ನು ಜ್ಞಾಪಕದಲ್ಲಿಡಬೇಕೆಂದು ವಾಚಕರಲ್ಲಿ ಪ್ರಾರ್ಥನೆ. ಮುಂದೆ ಕೆಲಸಕ್ಕೆ ಬರುವರು.

ಈ ಆಟಕ್ಕೆ ಹಣ ತೆಗೆದುಕೊಳ್ಳುವುದು ಒಂದು ಕಾಲದಲ್ಲಿ ಪಾಪವೆಂದೇ ಎಣಿಕೆಯಾಗಿತ್ತು. ಕೆಲಸ ಬಿಟ್ಟು ಆಡಲು ಬಂದ ಕೂಲಿಕಾರರಿಗೆ ಅಂದಿನ ಕೂಲಿಯನ್ನಾದರೂ ಕೊಡಬೇಕೆಂದು ವಾದಿಸಿ ಉತ್ತರ ಇಂಗ್ಲೆಂಡಿನ ಸಂಘಗಳು ೧೮೯೫ರಲ್ಲಿ ಬೇರೆಯಾಗಿಹೋದುವು. ಅದರಿಂದಲೇ ರಗ್ಬಿ ಲೀಗ್ ಎಂಬ ಹದಿಮೂರು ಮಂದಿಯ ಆಟ ಹುಟ್ಟಿತು. ಹಳೆಯ ಪಂಗಡದವರು ಮಡಿಯನ್ನು ಕಾಪಾಡಿಕೊಂಡು ಬಂದು, ಸರಿಯಾಗಿ ನೂರು ವರ್ಷಗಳ ತರುವಾಯ, ೧೯೯೫ರ ಆಗಸ್ಟಿನಲ್ಲಿ ತಾವೂ ಸಂಬಳವನ್ನು ಒಪ್ಪಿಕೊಂಡರು. ಸಂಬಳದ ಜೊತೆಯಲ್ಲಿಯೇ ಸಾಲವೂ ಒಳಗೆ ಬಂದಿತೆಂಬುದನ್ನು ಮುಂದೆ ನೋಡುವೆವು.

ಅಭಿಮಾನಿಯ ಮೊದಲನೆಯ ತೂಕದ ಕಲ್ಲು ಅಂಕಪಟ್ಟಿ. ಹತ್ತು ತಂಡಗಳು, ಒಂದೊಂದಕ್ಕೆ ಹದಿನೆಂಟು ಪಂದ್ಯ. ಗೆದ್ದರೆ ನಾಲ್ಕು ಅಂಕ, ಸಮವಾದರೆ ಎರಡು. ನಾಲ್ಕು ಟ್ರೈಗಳನ್ನು ಮಾಡಿದವರಿಗೆ ಒಂದು ಹೆಚ್ಚು. ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಿಂದ ಸೋತವರಿಗೂ ಸಮಾಧಾನಕ್ಕೆಂಬಂತೆ ಒಂದು. ಮೇಲಿನ ನಾಲ್ವರು ಉಪಾಂತ್ಯಕ್ಕೆ ಹೋಗುವರು. ಪಟ್ಟಿಯು ಸುಳ್ಳು ಹೇಳದೆಂಬ ಮಾತು ಅಲ್ಲಿಯೂ ಉಂಟು. ಆದರೆ ೨೦೨೪-೨೫ರಲ್ಲಿ ನಾರ್ದಾಂಪ್ಟನ್ ತಂಡವು ಈ ಮಾತನ್ನು ತಲೆಕೆಳಗು ಮಾಡಿತು. ಅದರ ಹಿಂದಿನ ವರ್ಷ, ೨೦೨೪ರ ಜೂನ್ ೮ರಂದು, ಬಾತನ್ನು ೨೫-೨೧ರಿಂದ ಸೋಲಿಸಿ ಪಟ್ಟವೇರಿದ್ದ ತಂಡವಿದು. ಆ ಋತುವಿನಲ್ಲಿ ಗ್ಲಾಸ್ಟರಿನ ಮೇಲೆ ೯೦-೦ರ ಜಯ ಬೇರೆ! ಮರುವರ್ಷ ಅದೇ ತಂಡ ಹತ್ತರಲ್ಲಿ ಎಂಟನೆಯ ಸ್ಥಾನಕ್ಕೆ ಇಳಿಯಿತು. ಪಟ್ಟಿಯನ್ನಷ್ಟೇ ಓದುವವನು ‘ಕೆಟ್ಟಿತು’ ಎಂದು ಪುಸ್ತಕ ಮುಚ್ಚುವನು. ಹಾಗಾದರೆ ೨೦೨೫ರ ಮೇ ೩ರಂದು ಡಬ್ಲಿನ್ ನಗರಕ್ಕೆ ಹೋಗಿ, ಐರ್ಲೆಂಡಿನ ರಾಷ್ಟ್ರತಂಡವೇ ಅಂಗಿ ಬದಲಿಸಿ ಬಂದಿದೆಯೋ ಎಂಬಂತಿರುವ ಲೆನ್ಸ್‌ಟರನ್ನು ೩೭-೩೪ರಿಂದ ಮುರಿದು, ಯುರೋಪಿನ ಚಾಂಪಿಯನ್ಸ್ ಕಪ್ಪಿನ ಅಂತಿಮ ಪಂದ್ಯಕ್ಕೆ ನಡೆದವರು ಯಾರು? ಅದೇ ಎಂಟನೆಯವರು. ಟಾಮಿ ಫ್ರೀಮನ್ ಆ ದಿನ ಮೂರು ಟ್ರೈಗಳನ್ನು ಮಾಡಿದನು. ಇಪ್ಪತ್ತು ವರ್ಷದ ಹೆನ್ರಿ ಪೊಲಕ್ ಎಂಬ ತರುಣನು ಪ್ರಪಂಚದ ಬಾಯಿಗೆ ಬಿದ್ದನು. ಅಂತಿಮ ಪಂದ್ಯದಲ್ಲಿ ಫ್ರಾನ್ಸಿನ ಬೋರ್ಡೋ ತಂಡದೆದುರು ೨೮-೨೦ರಿಂದ ಸೋತರೆಂಬುದು ನಿಜವೇ. ಆದರೂ ಇಂಥ ತಂಡವನ್ನು ಎಂಟನೆಯದೆಂದು ಬರೆದು ಕೈತೊಳೆದುಕೊಳ್ಳುವುದು ನ್ಯಾಯವೆ? ಗಾಯಾಳುಗಳೂ, ರಾಷ್ಟ್ರತಂಡದ ಕರೆಗೆ ಹೋದವರೂ ಇಲ್ಲದ ವಾರಗಳ ಸೋಲುಗಳೇ ಪಟ್ಟಿಯನ್ನು ಬರೆಯುವುವು. ಪಟ್ಟಿಯು ತಂಡದ ಸಾಮರ್ಥ್ಯವನ್ನು ಅಳೆಯುವುದಕ್ಕಿಂತ ಅದರ ಕಣಜದ ಆಳವನ್ನು ಅಳೆಯುವುದೆಂದು ನಮ್ಮ ಮತ.

ಕಣಜದ ಆಳದಲ್ಲಿ ಬಾತಿಗೆ ಎಣೆಯಿರಲಿಲ್ಲ. ೧೯೮೯ರಿಂದ ೧೯೯೬ರೊಳಗೆ ಆರು ಸಲ ಲೀಗನ್ನು ಗೆದ್ದು ಮೆರೆದ ಈ ಊರು, ವೃತ್ತಿಯ ಯುಗ ಬಂದ ಮೇಲೆ ಲೀಗಿನ ಪಟ್ಟವನ್ನು ಕಾಣದೆ ಇಪ್ಪತ್ತೊಂಬತ್ತು ವರ್ಷ ಕಾದಿತು. ೨೦೨೨ರ ಏಪ್ರಿಲಿನಲ್ಲಿ ನೆರೆಯ ಗ್ಲಾಸ್ಟರಿನವರು ಬಾತನ್ನು ೬೪-೦ರಿಂದ ಹೊಡೆದರು. ಆ ವರ್ಷ ಹದಿಮೂರು ತಂಡಗಳಲ್ಲಿ ಬಾತ್ ಹದಿಮೂರನೆಯದು. ಕೆಳಶ್ರೇಣಿಗೆ ಇಳಿಸುವ ಪದ್ಧತಿಯನ್ನು ಆಗ ತಡೆಹಿಡಿದಿದ್ದುದರಿಂದಲೇ ಮಾನ ಉಳಿಯಿತು. ಅಲ್ಲಿಂದ ದಕ್ಷಿಣ ಆಫ್ರಿಕದ ಯೋಹಾನ್ ವಾನ್ ಗ್ರಾನ್ ಎಂಬ ತರಬೇತುದಾರನು ಬಂದು ಮೂರು ವರ್ಷಗಳಲ್ಲಿ ತಂಡವನ್ನು ಎಂಟನೆಯ, ಎರಡನೆಯ, ಒಂದನೆಯ ಮೆಟ್ಟಲಿಗೆ ಹತ್ತಿಸಿದನು. ೨೦೨೫ರಲ್ಲಿ ಲೀಗಿನೊಡನೆ ಪ್ರೀಮಿಯರ್‌ಷಿಪ್ ಕಪ್ಪೂ, ಯುರೋಪಿನ ಚಾಲೆಂಜ್ ಕಪ್ಪೂ ಅವರದಾದುವು.

ಈ ಏಳಿಗೆಗೆ ಕಾರಣರಾರೆಂದು ಕೇಳಿದರೆ ಜನರ ಬಾಯಲ್ಲಿ ಮೊದಲು ಬರುವ ಹೆಸರು ಫಿನ್ ರಸಲ್. ಸ್ಕಾಟ್ಲೆಂಡಿನ ಈ ಆಟಗಾರ ಹತ್ತನೆಯ ಅಂಗಿಯವನು, ಎಂದರೆ ತಂಡದ ಸೂತ್ರಧಾರ. ಎತ್ತ ನೋಡುವನೋ ಅತ್ತ ಎಸೆಯನು. ಎಸೆದಾಗ ಹಿಡಿಯುವವನಿಗೇ ಆಶ್ಚರ್ಯ. ಇವನನ್ನು ನೋಡಲೆಂದೇ ಹಣ ಕೊಟ್ಟು ಬರುವವರಿರುವರು, ಅದು ತಪ್ಪಲ್ಲ. ಆದರೆ ನಮ್ಮ ಕಡೆಯ ಮದುವೆಯೂಟವನ್ನು ನೆನೆದುಕೊಳ್ಳಿ. ಪಂಕ್ತಿಯಲ್ಲಿ ಕುಳಿತವರೆಲ್ಲರೂ ಹೋಳಿಗೆ ಬಡಿಸಿದವನನ್ನು ಹೊಗಳುವರು. ಬೆಳಗಿನ ಜಾವದಿಂದ ಒಲೆಯ ಮುಂದೆ ಕುಳಿತು, ಹೊಗೆಗೆ ಕಣ್ಣು ಕೆಂಪಾಗಿಸಿಕೊಂಡು, ಉರಿ ಏರದಂತೆ ಇಳಿಯದಂತೆ ಕಾದವನನ್ನು ಕೇಳುವವರಾರು? ರಗ್ಬಿಯ ಪ್ರಾಪ್ ಆ ಒಲೆಯ ಮುಂದಿನವನು. ಬಾತಿನಲ್ಲಿ ಥಾಮಸ್ ಡು ಟಾಯ್ಟ್, ವಿಲ್ ಸ್ಟುವರ್ಟ್ ಎಂಬ ಇಬ್ಬರು ಒಂದೇ ಸ್ಥಾನವನ್ನು ಹಂಚಿಕೊಂಡು, ಒಬ್ಬನು ದಣಿದಾಗ ಮತ್ತೊಬ್ಬನು ಹೊಸ ಉಸಿರಿನಿಂದ ಬಂದು ಸ್ಕ್ರಮ್ಮನ್ನು ಒತ್ತುತ್ತಿದ್ದರು. ಎದುರಾಳಿಗಳ ಸ್ಕ್ರಮ್ ಕುಸಿದರೆ ದಂಡದ ಒದೆತ. ರಸಲ್ ಅದನ್ನು ಒದೆದು ಮೂರಂಕ ತರುವನು. ಪತ್ರಿಕೆಯಲ್ಲಿ ರಸಲನ ಹೆಸರು ಬರುವುದು. ಅಂತಿಮ ಪಂದ್ಯದಲ್ಲಿ ಬಾತಿನ ಒಂದು ಟ್ರೈಯನ್ನು ಡು ಟಾಯ್ಟನೇ ಮಾಡಿದನೆಂಬುದರಿಂದ ಈ ಒಬ್ಬ ಒಲೆಯವನಿಗಾದರೂ ಪಂಕ್ತಿಯಲ್ಲಿ ಕೈ ಮುಗಿಸಿಕೊಳ್ಳುವ ಭಾಗ್ಯ ಬಂದಿತು. ಹಲವು ವರ್ಷಗಳಿಂದ ಒಂದೇ ಮೆಟ್ಟಲ ಮೇಲೆ ಕುಳಿತು ನೋಡುತ್ತ ಬಂದ ಹಳೆಯ ಅಭಿಮಾನಿಗಳಿಗೆ ಈ ಮರ್ಮ ತಿಳಿಯದೆ ಇಲ್ಲ. ಅಂಥವರನ್ನು ಆ ವರ್ಷದ ಶ್ರೇಷ್ಠನಾರೆಂದು ಕೇಳಿದರೆ, ಮೂಗು ಮುರಿದ, ಕಿವಿ ಜಜ್ಜಿಹೋದ ಯಾವನೋ ಪ್ರಾಪಿನ ಹೆಸರನ್ನು ಹೇಳುವ ಸಂಭವವೇ ಹೆಚ್ಚು.

ಪ್ರಾಪಿನ ಬಾಳಿನ ಮತ್ತೊಂದು ಮುಖವನ್ನು ಅದೇ ಅಂತಿಮ ಪಂದ್ಯ ತೋರಿಸಿತು. ಲೆಸ್ಟರಿನ ಡ್ಯಾನ್ ಕೋಲ್‌ಗೆ ಆಗ ಮೂವತ್ತೆಂಟು ವರ್ಷ. ಇಂಗ್ಲೆಂಡಿಗಾಗಿ ೧೧೮ ಪಂದ್ಯಗಳನ್ನಾಡಿದವನು. ಅದೇ ಅವನ ಕೊನೆಯ ಪಂದ್ಯ. ಜೊತೆಗಾರ ಬೆನ್ ಯಂಗ್ಸ್, ೧೨೭ ಪಂದ್ಯಗಳಿಂದ ಇಂಗ್ಲೆಂಡಿನ ಪುರುಷರಲ್ಲಿ ಎಲ್ಲರಿಗಿಂತ ಹೆಚ್ಚು ಆಡಿದವನು, ಅವನೂ ಅಂದೇ ನಿವೃತ್ತನು. ಕೊನೆಯ ಹೊತ್ತಿನಲ್ಲಿ ರಸಲ್ ಚೆಂಡನ್ನು ಒದೆದಾದ ಮೇಲೆ ಕೋಲ್ ತಡವಾಗಿ ಅವನಿಗೆ ಢಿಕ್ಕಿ ಹೊಡೆದನೆಂದು ರೆಫರಿ ಹಳದಿ ಚೀಟಿ ತೋರಿಸಿದನು. ರಸಲನು ಆ ದಂಡದಿಂದ ಮೂರಂಕ ಪಡೆದನು. ಪಂದ್ಯ ಮುಗಿದುದು ಎರಡಂಕಗಳ ಅಂತರದಲ್ಲಿ. ಹದಿನೆಂಟು ವರ್ಷ ಲೆಸ್ಟರಿನ ಅಂಗಿಯಲ್ಲಿ ಬೆನ್ನು ಬಾಗಿಸಿದವನು ತನ್ನ ಕಡೆಯ ನಿಮಿಷಗಳನ್ನು ಮೈದಾನದ ಹೊರಗೆ ಕುರ್ಚಿಯ ಮೇಲೆ ಕುಳಿತು ಕಳೆದನು. ಈ ಮೂರಂಕಗಳನ್ನು ಹದಿನೆಂಟು ವರ್ಷಗಳ ಎದುರು ತೂಗುವ ತಕ್ಕಡಿಗೆ ನಾಚಿಕೆಯಿರಬೇಕು.

ಇದಕ್ಕೆ ಒಂದು ವರ್ಷ ಹಿಂದೆ, ಅದೇ ಮೈದಾನದಲ್ಲಿ, ಬಾತಿನ ಪ್ರಾಪ್ ಬೆನೊ ಒಬಾನೊ ಇಪ್ಪತ್ತೊಂದನೆಯ ನಿಮಿಷದಲ್ಲಿ ಎದುರಾಳಿಯ ತಲೆಗೆ ತಾಕುವಂತೆ ಹಿಡಿದನೆಂದು ಕೆಂಪು ಚೀಟಿ ಪಡೆದು ಹೊರನಡೆದಿದ್ದನು. ಹದಿನಾಲ್ಕು ಮಂದಿಯಾಗಿಯೂ ಬಾತ್ ಒಂದು ಹಂತದಲ್ಲಿ ಮುಂದಿತ್ತು; ಕೊನೆಯ ಹತ್ತು ನಿಮಿಷಗಳೊಳಗೆ ನಾರ್ದಾಂಪ್ಟನಿನ ಅಲೆಕ್ಸ್ ಮಿಚೆಲ್ ಟ್ರೈ ಮಾಡಿ ಗೆಲುವನ್ನು ಕಸಿದನು. ಕೆಂಪು ಚೀಟಿಯಿಂದ ಆಟ ಕೆಟ್ಟಿತೆಂದು ಅಂದು ಗೊಣಗಿದ ಅಭಿಮಾನಿಗಳು ಬಹಳ. ಅವರ ಸಂಕಟ ನಮಗೆ ಅರ್ಥವಾಗುವುದು. ವಾದವನ್ನು ಮಾತ್ರ ಒಪ್ಪಲಾರೆವು. ೨೦೦೩ರಲ್ಲಿ ಇಂಗ್ಲೆಂಡು ವಿಶ್ವಕಪ್ ಗೆದ್ದಾಗ ಮುಂದಿನ ಸಾಲಿನಲ್ಲಿದ್ದ ಸ್ಟೀವ್ ಥಾಮ್ಸನ್, ತನಗೆ ಆ ವಿಶ್ವಕಪ್ ಗೆದ್ದ ನೆನಪೇ ಇಲ್ಲವೆಂದು ೨೦೨೦ರಲ್ಲಿ ಬಹಿರಂಗವಾಗಿ ಹೇಳಿದನು. ನಾಲ್ವತ್ತೆರಡರ ವಯಸ್ಸಿನಲ್ಲಿ ಮರೆವಿನ ರೋಗ. ತಲೆಗೆ ಬಿದ್ದ ಪೆಟ್ಟುಗಳೇ ಕಾರಣವೆಂದು ಆತನೂ ಇತರ ಹಲವರೂ ನ್ಯಾಯಸ್ಥಾನದ ಮೊರೆಹೊಕ್ಕರು. ಮಕ್ಕಳನ್ನು ಈ ಆಟಕ್ಕೆ ಕಳುಹಿಸುವ ತಾಯಂದಿರು ಅಂಕಪಟ್ಟಿಗಿಂತ ಮೊದಲು ಈ ಸಂಗತಿಯನ್ನು ಓದುವರು, ಓದಲೂ ಬೇಕು. ಒಂದು ಪಂದ್ಯ ಕೆಟ್ಟರೆ ಕೆಡಲಿ.

ಉಳಿದ ತಂಡಗಳ ಮಾತನ್ನು ಬೇಗನೆ ಮುಗಿಸುವೆವು. ಹೊಡೆತ ತಿಂದಿದ್ದ ಗ್ಲಾಸ್ಟರು ಕಾರ್ಡಿಫಿನಿಂದ ಟೊಮೋಸ್ ವಿಲಿಯಮ್ಸನನ್ನು ಕರೆತಂದು, ಒದೆಯುವುದನ್ನು ಬಿಟ್ಟು ಓಡುವುದನ್ನು ಕಲಿತು ಐದನೆಯದಾಯಿತು. ಋತುವಿನಲ್ಲಿ ಕಣ್ಣಿಗೆ ಹಬ್ಬವಾದ ತಂಡಗಳಲ್ಲಿ ಇದೊಂದು. ಪ್ಯಾಟ್ ಲ್ಯಾಮನ ಬ್ರಿಸ್ಟಲ್ ತನ್ನ ಗೆರೆಯ ಹಿಂದಿನಿಂದಲೇ ಓಡಲಾರಂಭಿಸುವ ಹುಚ್ಚನ್ನು ಬಿಡದೆ ನಾಲ್ಕನೆಯದಾಯಿತು. ೨೦೨೩-೨೪ರಲ್ಲಿ ಹದಿನೆಂಟಕ್ಕೆ ಹದಿನೆಂಟೂ ಸೋತಿದ್ದ ನ್ಯೂಕಾಸಲ್ ಮತ್ತೆ ಕಟ್ಟಕಡೆಯದು. ೨೦೨೫ರ ಆಗಸ್ಟಿನಲ್ಲಿ ರೆಡ್ ಬುಲ್ ಎಂಬ ಪಾನೀಯದ ಕಂಪನಿ ಅದನ್ನು ಕೊಂಡು ತನ್ನ ಹೆಸರನ್ನು ಅದಕ್ಕೆ ಅಂಟಿಸಿತು. ಸೋಲಿನಲ್ಲಿಯೂ ಮೆಟ್ಟಲು ಬಿಟ್ಟೇಳದ ಅಲ್ಲಿನ ಜನಕ್ಕೆ ಹೊಸ ಹೆಸರು ರುಚಿಸುವುದೋ ಇಲ್ಲವೋ. ಬೀಗ ಬೀಳುವುದಕ್ಕಿಂತ ಮೇಲು.

ಬೀಗ ಬೀಳುವುದೆಂದರೆ ಬರಿಯ ಮಾತಲ್ಲ. ಹದಿಮೂರು ತಂಡಗಳಿದ್ದ ಶ್ರೇಣಿ ಹತ್ತಕ್ಕೆ ಇಳಿದುದು ಆಟದಿಂದಲ್ಲ, ಸಾಲದಿಂದ. ೨೦೨೨ರ ಅಕ್ಟೋಬರಿನಲ್ಲಿ ವುಸ್ಟರೂ ವಾಸ್ಪ್ಸೂ, ೨೦೨೩ರ ಜೂನಿನಲ್ಲಿ ಲಂಡನ್ ಐರಿಷೂ ಶ್ರೇಣಿಯಿಂದ ಅಳಿಸಿಹೋದುವು. ವಾಸ್ಪ್ಸ್ ೧೮೬೭ರಲ್ಲಿ ಹುಟ್ಟಿ, ಯುರೋಪಿನ ಕಪ್ಪನ್ನು ಎರಡು ಸಲ ಗೆದ್ದಿದ್ದ ಸಂಘ. ೨೦೨೨ರ ಮೇ ತಿಂಗಳಲ್ಲಿ ಪ್ರೀಮಿಯರ್‌ಷಿಪ್ ಕಪ್ಪಿನ ಅಂತಿಮ ಪಂದ್ಯವನ್ನು ಆಡಿದವರು ವುಸ್ಟರು ಮತ್ತು ಲಂಡನ್ ಐರಿಷ್: ೨೫-೨೫ರ ಸಮ, ಟ್ರೈಗಳ ಎಣಿಕೆಯಿಂದ ವುಸ್ಟರಿಗೆ ಜಯ. ಹದಿಮೂರು ತಿಂಗಳೊಳಗೆ ಗೆದ್ದವರೂ ಇಲ್ಲ, ಸೋತವರೂ ಇಲ್ಲ! ಚದುರಿದ ಆಟಗಾರರು ಬೇರೆ ಮನೆಗಳನ್ನು ಸೇರಿದರು. ನಾರ್ದಾಂಪ್ಟನಿನ ೨೦೨೪ರ ಪಟ್ಟಕ್ಕೆ ಸೂತ್ರಧಾರನಾದ ಫಿನ್ ಸ್ಮಿತ್ ವುಸ್ಟರಿನ ಕೂಸು. ಬಾತಿನ ಆಲಿ ಲಾರೆನ್ಸ್, ಟೆಡ್ ಹಿಲ್ ಅಲ್ಲಿಯವರೇ. ಆಲ್ಫಿ ಬಾರ್ಬರಿ ವಾಸ್ಪ್ಸಿನವನು. ಬಾತಿನ ಗೆಲುವನ್ನು ತೂಗುವವರು ಈ ಉರುಳಿದ ಮನೆಗಳ ತೊಲೆಗಳನ್ನೂ ತಕ್ಕಡಿಗೆ ಹಾಕಬೇಕು. ತನ್ನ ಊರಿನ ಹುಡುಗ ಪರವೂರಿನ ಅಂಗಿಯಲ್ಲಿ ಪಟ್ಟ ಗೆಲ್ಲುವುದನ್ನು ನೋಡುವ ವುಸ್ಟರಿನ ಅಭಿಮಾನಿಗೆ ಚಪ್ಪಾಳೆ ತಟ್ಟಲೂ ಆಗದು, ತಟ್ಟದಿರಲೂ ಆಗದು.

ಮುಚ್ಚಿಹೋದ ಸಂಘವೊಂದು ಗೌರವದಿಂದ ಲೆಕ್ಕ ಮುಗಿಸಿದ ಕಥೆ ನಮ್ಮ ದೇಶದಲ್ಲಿಯೇ ಉಂಟು. ೧೮೭೩ರಲ್ಲಿ ಕಲ್ಕತ್ತೆಯಲ್ಲಿದ್ದ ಆಂಗ್ಲರು ಕಟ್ಟಿದ ರಗ್ಬಿ ಸಂಘವು ಅಲ್ಲಿನ ಬಿಸಿಲಿಗೂ, ಪೋಲೋ ಟೆನ್ನಿಸ್‌ಗಳ ಮೋಹಕ್ಕೂ ಸೋತು ಐದೇ ವರ್ಷಗಳಲ್ಲಿ ಬಡವಾಯಿತು. ಉಳಿದ ಹಣವನ್ನು ಸದಸ್ಯರು ಹಂಚಿಕೊಳ್ಳದೆ, ಬ್ಯಾಂಕಿನಿಂದ ಬೆಳ್ಳಿಯ ರೂಪಾಯಿಗಳಾಗಿ ತೆಗೆದು, ಕರಗಿಸಿ, ನಾಗರಹಾವುಗಳ ಹಿಡಿಗಳೂ ಮುಚ್ಚಳದ ಮೇಲೆ ಆನೆಯೂ ಇರುವ ಬಟ್ಟಲನ್ನು ಮಾಡಿಸಿ ಇಂಗ್ಲೆಂಡಿಗೆ ಕಳುಹಿಸಿದರು. ೧೮೭೯ರಿಂದ ಇಂಗ್ಲೆಂಡು ಸ್ಕಾಟ್ಲೆಂಡುಗಳು ಆ ಕಲ್ಕತ್ತಾ ಕಪ್ಪಿಗಾಗಿ ಹೋರಾಡುತ್ತ ಬಂದಿವೆ. (೧೯೮೮ರಲ್ಲಿ ಇಬ್ಬರು ಆಟಗಾರರು ಎಡಿನ್‌ಬರೋ ಬೀದಿಗಳಲ್ಲಿ ಅದನ್ನು ಚೆಂಡಿನಂತೆ ಬಳಸಿ ಜಜ್ಜಿದ ಕಥೆಯನ್ನು ಮನೆಯ ಹುಡುಗರಿಗೆ ಹೇಳದಿರುವುದೇ ಲೇಸು.)

ವುಸ್ಟರಿನ ಬೀಗವಂತೂ ತೆರೆಯಿತು. ೨೦೨೫ರ ಶರತ್ಕಾಲದಲ್ಲಿ ಆ ತಂಡವು ಎರಡನೆಯ ಶ್ರೇಣಿಯಲ್ಲಿ, ತನ್ನ ಹಳೆಯ ಸಿಕ್ಸ್‌ವೇಸ್ ಮೈದಾನದಲ್ಲಿಯೇ, ಮೂರು ವರ್ಷಗಳ ಬಳಿಕ ಮತ್ತೆ ಆಟಕ್ಕಿಳಿಯಿತು. ವಾಸ್ಪ್ಸ್ ಮತ್ತು ಲಂಡನ್ ಐರಿಷ್ ಅಭಿಮಾನಿಗಳು ಆ ಋತುವನ್ನೂ ತಂಡವಿಲ್ಲದೆಯೇ ಆರಂಭಿಸಿದರು.