ಕೊಟ್ಟದ್ದೋ, ಪಡೆದದ್ದೋ?

ವಿಜಯದಶಮಿಯ ಮಧ್ಯಾಹ್ನ ಮೈಸೂರು ಅರಮನೆಯ ಆವರಣದಲ್ಲಿ ಆನೆ ಬಂದು ನಿಲ್ಲುತ್ತದೆ. ಬೆನ್ನ ಮೇಲೆ 750 ಕೆ.ಜಿ. ತೂಕದ ಅಂಬಾರಿ, ಒಳಗೆ ತಾಯಿ ಚಾಮುಂಡೇಶ್ವರಿ. ಮುಖ್ಯಮಂತ್ರಿಗಳು ಪುಷ್ಪಾರ್ಚನೆ ಮಾಡಿದ ಮೇಲೆ ಜಂಬೂಸವಾರಿ ಹೊರಡುತ್ತದೆ. ಒಂದು ಕಾಲಕ್ಕೆ ಅದೇ ಅಂಬಾರಿಯಲ್ಲಿ ಮಹಾರಾಜರು ಕೂತು ಬರುತ್ತಿದ್ದರು. ಈಗ ದೊರೆ ಕೂತ ಜಾಗದಲ್ಲಿ ದೇವಿ ಇದ್ದಾಳೆ, ಹೂವು ಹಾಕಲು ನಿಂತವರು ಜನರ ವೋಟು ಪಡೆದು ಬಂದವರು.

ಈ ಬದಲಾವಣೆ ಆದದ್ದು ಹೇಗೆ ಎಂದು ಕೇಳಿದರೆ ನಮ್ಮೂರಿನಲ್ಲಿ ಎರಡು ಉತ್ತರ ಸಿಗುತ್ತವೆ. ಅರಸರು ದೊಡ್ಡ ಮನಸ್ಸು ಮಾಡಿ ಅಧಿಕಾರ ಕೊಟ್ಟರು ಎನ್ನುವುದು ಒಂದು. ಜನ ಹೋರಾಡಿ ಪಡೆದರು ಎನ್ನುವುದು ಇನ್ನೊಂದು. ಎರಡನ್ನೂ ಗೌರವದಿಂದ ತೂಗಿ ನೋಡಬೇಕು.

ಮೊದಲನೆಯ ಮಾತಿಗೆ ಆಧಾರ ಗಟ್ಟಿಯಾಗಿಯೇ ಇದೆ. ಬ್ರಿಟಿಷರ ನೇರ ಆಡಳಿತ ಮುಗಿದು ಹತ್ತನೆಯ ಚಾಮರಾಜೇಂದ್ರ ಒಡೆಯರ ಕೈಗೆ ರಾಜ್ಯ ಬಂದದ್ದು 1881ರಲ್ಲಿ. ಅದೇ ವರ್ಷ ಅಕ್ಟೋಬರ್ 7ರಂದು, ದಿವಾನ್ ರಂಗಾಚಾರ್ಲು ಅವರ ಮುಂದಾಳ್ತನದಲ್ಲಿ, ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತು. ಸದಸ್ಯರು 144 ಮಂದಿ. ಇಂಡಿಯನ್ ನ್ಯಾಷನಲ್ ಕಾಂಗ್ರೆಸ್ ಹುಟ್ಟುವುದಕ್ಕೆ ಇನ್ನೂ ನಾಲ್ಕು ವರ್ಷವಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1907ರಲ್ಲಿ, ನ್ಯಾಯವಿಧಾಯಕ ಸಭೆಯೂ ಬಂತು. 1918ರಲ್ಲಿ ಅವರು ಮಿಲ್ಲರ್ ಸಮಿತಿಯನ್ನು ನೇಮಿಸಿ, ಸರ್ಕಾರಿ ನೌಕರಿಯ ಬಾಗಿಲನ್ನು ಹಿಂದುಳಿದ ಜಾತಿಗಳಿಗೂ ತೆರೆಯಲು ಹೊರಟರು. ಶಾಲೆ, ವಿಶ್ವವಿದ್ಯಾಲಯ, ಕನ್ನಂಬಾಡಿ ಕಟ್ಟೆಗಳ ಜೊತೆಗೆ ಇದನ್ನೂ ನೆನೆದೇ ಮೈಸೂರು, ಮಂಡ್ಯದ ಎಷ್ಟೋ ಅಂಗಡಿಗಳಲ್ಲಿ ಇಂದಿಗೂ ನಾಲ್ವಡಿಯವರ ಪಟಕ್ಕೆ ದಿನಾ ಹೂವು ಮುಡಿಸುತ್ತಾರೆ. ಆ ಪ್ರೀತಿ ಹುಸಿಯಲ್ಲ.

ಆದರೆ ಎರಡನೆಯ ಮಾತನ್ನೂ ಕೇಳಬೇಕು. ದಸರೆಯ ಹೊತ್ತಿಗೆ ಸೇರುತ್ತಿದ್ದ ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಿವಾನರ ವರದಿ ಕೇಳುವುದು, ಊರಿನ ಕಷ್ಟ ಅರಿಕೆ ಮಾಡಿಕೊಳ್ಳುವುದು, ಅಷ್ಟೇ. ಅಲ್ಲಿ ಕೂತವರಲ್ಲಿ ಹೆಚ್ಚಿನವರು ಜಮೀನುದಾರರು, ವರ್ತಕರು. ಗೇಣಿ ಮಾಡುವ ರೈತನಿಗಾಗಲಿ ಹೆಂಗಸರಿಗಾಗಲಿ ಮೊದಲಿಗೆ ಅಲ್ಲಿ ಜಾಗವಿರಲಿಲ್ಲ. ಮಿಲ್ಲರ್ ಸಮಿತಿಯೂ ಸುಮ್ಮನೆ ಬರಲಿಲ್ಲ. 1917ರಲ್ಲಿ ಹುಟ್ಟಿದ, ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿಯವರು ಒಟ್ಟಾಗಿ ನೌಕರಿಯಲ್ಲಿ ಪಾಲು ಕೇಳಿದ್ದರು. ಜನ ತಮಗೆ ಉತ್ತರ ಹೇಳುವ ಜವಾಬ್ದಾರಿ ಸರ್ಕಾರವನ್ನೇ ಕೇಳತೊಡಗಿದಾಗ ಸಿಕ್ಕ ಉತ್ತರವೂ ಬೇರೆಯಾಗಿತ್ತು. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆಗ ಸಿಂಹಾಸನದ ಮೇಲಿದ್ದವರು ಅದೇ ನಾಲ್ವಡಿಯವರು.

1947ರ ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿನಲ್ಲಿ ದಿವಾನರ ಆಡಳಿತವೇ ಇತ್ತು. ಜಯಚಾಮರಾಜ ಒಡೆಯರು ಭಾರತ ಒಕ್ಕೂಟಕ್ಕೆ ಸೇರಲು ಸಹಿ ಹಾಕಿದ್ದರು ನಿಜ, ಆದರೆ ರಾಜ್ಯದೊಳಗಿನ ಅಧಿಕಾರ ಜನರಿಗೆ ಸಿಕ್ಕಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ಶುರುವಾಯಿತು, ಜೈಲುಗಳು ತುಂಬಿದವು. ಇದೇ ಊರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಮುಖಂಡ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು.

ದೊಡ್ಡ ಗಡಿಯಾರದ ಬಳಿ ರಂಗಾಚಾರ್ಲು ಹೆಸರಿನ ಪುರಭವನವಿದೆ. ಅಲ್ಲಿಂದ ನಡೆದೇ ಹೋಗುವ ದೂರದಲ್ಲಿ ರಾಮಸ್ವಾಮಿ ಸರ್ಕಲ್. ಬಸ್ಸು, ಆಟೋಗಳ ನಡುವೆ ರಸ್ತೆ ದಾಟುವ ಹುಡುಗರಿಗೆ ಅದು ಬರೀ ಸ್ಟಾಪಿನ ಹೆಸರು. ತಮ್ಮಂಥ ಒಬ್ಬ ಹುಡುಗನ ಹೆಸರದು ಎಂದು ಯಾರಾದರೂ ಅವರಿಗೆ ಹೇಳಬೇಕು. ಪುರಭವನ ನೆನಪಿಸುವ ದಿವಾನರು ಜನರ ಮಾತು ಕೇಳಲು ಕಿವಿಗೊಟ್ಟವರು, ಸರ್ಕಲ್ ನೆನಪಿಸುವ ಹುಡುಗ ಆ ಕಿವಿ ಸಾಲದು ಎಂದ ತಲೆಮಾರಿನವನು.

ನನ್ನ ತೀರ್ಮಾನ ಹೀಗಿದೆ. ಅರಿಕೆ ಮಾಡಿಕೊಳ್ಳಲು ಜಾಗ ಕೊಟ್ಟವರು ಅರಸರು. ಹಳ್ಳಿಯ ಪ್ರತಿನಿಧಿ ದಿವಾನರೆದುರು ಎದ್ದು ನಿಂತು ಮಾತಾಡಬಹುದು ಎಂಬ ಅಭ್ಯಾಸ ಅರವತ್ತಾರು ವರ್ಷ ನಡೆದಿತ್ತು. ಹೈದರಾಬಾದಿನಲ್ಲಿ ಸೇನೆ ನುಗ್ಗಬೇಕಾಯಿತು, ಮೈಸೂರಿನಲ್ಲಿ ಚಳವಳಿ, ಸಾವುನೋವಿನ ನಂತರವಾದರೂ ಮಾತುಕತೆಯಲ್ಲೇ ಮುಗಿಯಿತು. ಅದಕ್ಕೆ ಈ ಅಭ್ಯಾಸವೂ ಒಂದು ಕಾರಣ ಎಂದು ನಂಬಿದ್ದೇನೆ. ಆದರೆ ಅರಿಕೆಯನ್ನು ಹಕ್ಕಾಗಿ ಮಾಡಿದವರು ಜನರೇ. ಪ್ರೀತಿಯಿಂದ ಕೊಟ್ಟದ್ದನ್ನು ಕೊಟ್ಟವರು ಹಿಂದಕ್ಕೆ ಪಡೆಯಬಹುದು, ಹಕ್ಕನ್ನು ಹಾಗೆ ಪಡೆಯಲಾಗದು. ಆದ್ದರಿಂದ ತಕ್ಕಡಿ ಕೊನೆಗೆ ರಾಮಸ್ವಾಮಿಯ ಕಡೆಗೇ ವಾಲುತ್ತದೆ.

ಅರಮನೆಯ ಮೇಲಿನ ಪ್ರೀತಿ ಪ್ರಜಾಪ್ರಭುತ್ವಕ್ಕೆ ಅಪಾಯ ಎಂದು ಕೆಲವರು ಹೇಳುತ್ತಾರೆ. 2024ರಲ್ಲಿ ರಾಜಮನೆತನದ ಯದುವೀರ್ ಒಡೆಯರ್ ಲೋಕಸಭೆಗೆ ಗೆದ್ದಾಗ ಆ ಮಾತು ಮತ್ತೆ ಕೇಳಿಬಂತು. ಆ ಆತಂಕವನ್ನು ತಳ್ಳಿಹಾಕಲಾರೆ. ಆದರೂ ಈ ಊರಿನ ಮತದಾರರ ಮೇಲೆ ನನಗೆ ಭರವಸೆಯಿದೆ. ಅದೇ ಮನೆತನದ ಶ್ರೀಕಂಠದತ್ತ ಒಡೆಯರನ್ನು ಇದೇ ಜನ ನಾಲ್ಕು ಸಲ ಸಂಸತ್ತಿಗೆ ಕಳಿಸಿದರು, 1991ರಲ್ಲಿ, 2004ರಲ್ಲಿ ಸೋಲಿಸಿದರು. ಆ ಎರಡು ಸೋಲಿನ ಮರುದಿನವೂ ಅಂಗಡಿಯ ನಾಲ್ವಡಿ ಪಟಕ್ಕೆ ಹೂವು ತಪ್ಪಿರಲಾರದು. ಗೌರವವೇ ಬೇರೆ, ವೋಟೇ ಬೇರೆ ಎಂದು ನಮ್ಮ ಜನಕ್ಕೆ ಗೊತ್ತು.