ಹಳದಿ-ಕಪ್ಪು ಪಟ್ಟೆಯ ಐದು ಆಲ್ಬಂಗಳು: ದೇವರ ಹೆಸರಿದ್ದರೆ ಸಾಕೇ?



ಹೆವಿ ಮೆಟಲ್ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಹಿರಿಯರ ಹುಬ್ಬು ಮೇಲೇರುತ್ತದೆ. ಉದ್ದ ಕೂದಲು, ಕಿವಿಗಡಚಿಕ್ಕುವ ಗಿಟಾರ್, ಕಿರುಚಾಟ. ಇದರಲ್ಲಿ ದೇವರಿಗೇನು ಕೆಲಸ ಎಂದು ಕೇಳುತ್ತಾರೆ. ನಮ್ಮ ಯುವಬಳಗದಲ್ಲಿ ಇದಕ್ಕೆ ತದ್ವಿರುದ್ಧವಾದ ಮಾತೂ ಇದೆ. ಹಾಡಿನಲ್ಲಿ ಯೇಸುವಿನ ಹೆಸರಿದ್ದರೆ ಆಯಿತು, ಬೇರೇನೂ ನೋಡಬೇಕಿಲ್ಲ ಎನ್ನುವವರು ಕೆಲವರಿದ್ದಾರೆ. ಈ ಎರಡೂ ಮಾತು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಅಮೆರಿಕದ ಸ್ಟ್ರೈಪರ್ ತಂಡ 1984ರಿಂದ 1990ರವರೆಗೆ ತಂದ ಐದು ಆಲ್ಬಂಗಳನ್ನು ಸಾಲಾಗಿ ಕೇಳಿದರೆ ಇದು ಗೊತ್ತಾಗುತ್ತದೆ.

ಮೊದಲು ತಂಡದ ಪರಿಚಯ. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯ ಮೈಕಲ್ ಸ್ವೀಟ್ ಹಾಡುಗಾರ, ಗಿಟಾರ್ ವಾದಕ. ಅಣ್ಣ ರಾಬರ್ಟ್ ಸ್ವೀಟ್ ಡ್ರಮ್ಸ್, ಆಜ್ ಫಾಕ್ಸ್ ಗಿಟಾರ್, ಟಿಮ್ ಗೇನ್ಸ್ ಬೇಸ್. ರಾಕ್ಸ್ ರೆಜೀಮ್ ಎಂದಿದ್ದ ತಮ್ಮ ಹೆಸರನ್ನು ಅವರು ಸ್ಟ್ರೈಪರ್ ಎಂದು ಬದಲಿಸಿಕೊಂಡರು. ಇದಕ್ಕೆ ಆಧಾರ ಯೆಶಾಯ 53:5. ಅಲ್ಲಿ ಬರುವ ಬಾಸುಂಡೆಗಳಿಗೆ ಇಂಗ್ಲಿಷ್ ಬೈಬಲ್ ಬಳಸುವ ಪದಕ್ಕೆ ಪಟ್ಟೆ ಎಂಬ ಅರ್ಥವೂ ಇದೆ. ಹಾಗಾಗಿ ಬಟ್ಟೆ, ಗಿಟಾರ್, ಡ್ರಮ್ಸ್ ಎಲ್ಲದರ ಮೇಲೂ ಹಳದಿ-ಕಪ್ಪು ಪಟ್ಟೆ. ಕಾರ್ಯಕ್ರಮದ ನಡುವೆ ಇವರು ಜನರತ್ತ ಹೊಸ ಒಡಂಬಡಿಕೆಯ ಪ್ರತಿಗಳನ್ನು ಎಸೆಯುತ್ತಿದ್ದರು.

1984ರ 'ದಿ ಯೆಲ್ಲೋ ಅಂಡ್ ಬ್ಲ್ಯಾಕ್ ಅಟ್ಯಾಕ್' ಆರೇ ಹಾಡುಗಳ ಸಣ್ಣ ಆಲ್ಬಂ. ಉತ್ಸಾಹ ಬೇಕಾದಷ್ಟಿದೆ, ಹಾಡು ಕಟ್ಟುವ ಕೈ ಇನ್ನೂ ಪಳಗಿಲ್ಲ. 'ಲೌಡ್ ಆಂಡ್ ಕ್ಲಿಯರ್' ಒಂದನ್ನು ಕೇಳಿದರೆ ಉಳಿದುದರ ಅಂದಾಜು ಸಿಗುತ್ತದೆ.

1985ರ 'ಸೋಲ್ಜರ್ಸ್ ಅಂಡರ್ ಕಮಾಂಡ್' ನಮ್ಮ ಪಟ್ಟಿಯಲ್ಲಿ ಮೊದಲನೆಯದು. ಶೀರ್ಷಿಕೆ ಗೀತೆಯಲ್ಲಿ ಎರಡು ಗಿಟಾರ್‌ಗಳು ಒಂದೇ ರಾಗವನ್ನು ಮೇಲೆ-ಕೆಳಗಿನ ಸ್ವರಗಳಲ್ಲಿ ಜೊತೆಯಾಗಿ ನುಡಿಸುವುದನ್ನು ಗಮನಿಸಿ. ಗಾಯನ ವೃಂದದಲ್ಲಿ ನಾಲ್ಕು ಧ್ವನಿಗಳ ಹಾಡು ಕಲಿತವರಿಗೆ ಅದರ ರುಚಿ ಬೇಗ ಹತ್ತುತ್ತದೆ. 'ಟುಗೆದರ್ ಆ್ಯಸ್ ಒನ್' ಮದುವೆಗೆ ಹೊಂದುವ ಮೆಲುಹಾಡು. ಕೊನೆಯಲ್ಲಿ ಅಮೆರಿಕದ ಹಳೆಯ ಗೀತೆ 'ಬ್ಯಾಟಲ್ ಹಿಮ್ ಆಫ್ ದ ರಿಪಬ್ಲಿಕ್' ಬರುತ್ತದೆ. ಇಲ್ಲಿ ವಿಶ್ವಾಸ ಬೇರೆ, ಸಂಗೀತ ಬೇರೆ ಅನ್ನಿಸುವುದಿಲ್ಲ. ಯಾರನ್ನೂ ಮೆಚ್ಚಿಸುವ ಆತುರವಿಲ್ಲದ ಹುಡುಗರು ನಂಬಿದ್ದನ್ನು ಜೋರಾಗಿ ಹಾಡುತ್ತಿದ್ದಾರೆ.

1986ರ 'ಟು ಹೆಲ್ ವಿತ್ ದ ಡೆವಿಲ್' ಎಲ್ಲಕ್ಕಿಂತ ಪ್ರಸಿದ್ಧ. ಹೆಸರು ಕೇಳಿ ಗಾಬರಿಯಾಗುವ ಅಮ್ಮಂದಿರಿಗೆ ಒಂದು ಮಾತು: ಸೈತಾನ ನರಕಕ್ಕೇ ಹೋಗಲಿ ಎಂಬುದೇ ಅದರ ಅರ್ಥ. ಜ್ಞಾನಸ್ನಾನದಲ್ಲಿ ಸೈತಾನನನ್ನು ತ್ಯಜಿಸುತ್ತೇವೆ ಎಂದು ನಾವೂ ಹೇಳುತ್ತೇವಲ್ಲ, ಇದು ಅದೇ ಮಾತು, ದನಿ ಮಾತ್ರ ಜೋರು. ಅಮೆರಿಕದಲ್ಲಿ ಹತ್ತು ಲಕ್ಷ ಪ್ರತಿಗಳ ಪ್ಲಾಟಿನಂ ಮನ್ನಣೆ ಪಡೆದ ಈ ಆಲ್ಬಂನ 'ಆನೆಸ್ಟ್ಲಿ' ಹಾಡು ಬಿಲ್‌ಬೋರ್ಡ್ ಪಟ್ಟಿಯಲ್ಲಿ 23ನೇ ಸ್ಥಾನಕ್ಕೇರಿತು. ಆದರೆ ನಮಗೆ ಇಷ್ಟವಾದದ್ದು 'ಮೋರ್ ದ್ಯಾನ್ ಎ ಮ್ಯಾನ್'. ಬಿರುಸಿನ ಗಿಟಾರ್‌ನ ಮೇಲೆ ಶುದ್ಧ ಆರಾಧನೆ. ಒಂದೆರಡು ಹಾಡು ತೀರಾ ಸಿಹಿಯಾದವು ಎಂಬ ಕಾರಣಕ್ಕೆ ಇದಕ್ಕೆ ಎರಡನೇ ಸ್ಥಾನ.

ಇಷ್ಟು ಹೆಸರು ಬಂದ ಮೇಲೆ ಏಟುಗಳೂ ಬಿದ್ದವು. ರಾಕ್ ಲೋಕ ಇವರನ್ನು ಬೋಧಕರೆಂದು ನಕ್ಕಿತು. ಟಿವಿ ಬೋಧಕ ಜಿಮ್ಮಿ ಸ್ವಾಗರ್ಟ್ ಕ್ರೈಸ್ತ ರಾಕ್ ಸಂಗೀತವನ್ನೇ ಖಂಡಿಸಿದರು. ಜನರತ್ತ ಬೈಬಲ್ ಎಸೆಯುವುದು ಹಂದಿಗಳ ಮುಂದೆ ಮುತ್ತು ಚೆಲ್ಲಿದಂತೆ ಎಂದರು. ಮೈಕಲ್ ಹುಡುಗನಾಗಿದ್ದಾಗ ವಿಶ್ವಾಸಕ್ಕೆ ಬಂದದ್ದು ಇದೇ ಸ್ವಾಗರ್ಟರ ಟಿವಿ ಕಾರ್ಯಕ್ರಮ ನೋಡಿ! ಕರೆದವರೇ ಬಾಗಿಲು ಹಾಕಿದರೆ ಯುವಕರಿಗೆ ಹೇಗಾಗುತ್ತದೆ ಎಂದು ನಮ್ಮ ಹಿರಿಯರು ಯೋಚಿಸಬೇಕು.

1988ರ 'ಇನ್ ಗಾಡ್ ವಿ ಟ್ರಸ್ಟ್' ಬಗ್ಗೆ ನಮ್ಮ ಮಾತು ಕೆಲವರಿಗೆ ಕಹಿಯಾಗಬಹುದು. ಐದರಲ್ಲಿ ಇದೇ ಕೊನೆಯದು. ಹೆಸರಿನಲ್ಲೇ ದೇವರಿದ್ದಾನೆ, ಸಾಲುಸಾಲಿನಲ್ಲೂ ಇದ್ದಾನೆ. ಆದರೆ ಗಿಟಾರ್ ಹಿಂದೆ ಸರಿದು, ಎಲ್ಲವನ್ನೂ ರೇಡಿಯೋಗೆ ಒಪ್ಪುವಂತೆ ನಯಗೊಳಿಸಲಾಗಿದೆ. ಹಿಂದಿನ ಯಶಸ್ಸನ್ನು ಅಚ್ಚು ಹಾಕಲು ಹೊರಟಂತಿದೆ. ಡಾಲರ್ ನೋಟಿನ ಮೇಲಿರುವ ವಾಕ್ಯವೇ ಈ ಆಲ್ಬಂನ ಹೆಸರು. ನೋಟಿನ ಮೇಲೆ ಅದನ್ನು ದಿನವೂ ನೋಡುವವರು ಎಷ್ಟು ಮಂದಿ ಓದುತ್ತಾರೆ? ಈ ಹಾಡುಗಳಲ್ಲೂ ದೇವರ ಹೆಸರು ಹಾಗೇ ಕಣ್ಣು ತಪ್ಪಿ ಹೋಗುತ್ತದೆ.

1990ರ 'ಅಗೇನ್ಸ್ಟ್ ದ ಲಾ'ದಲ್ಲಿ ಪಟ್ಟೆಯೂ ಹೋಯಿತು, ಹಾಡುಗಳಿಂದ ದೇವರ ಹೆಸರೂ ಹೋಯಿತು. ಅನೇಕ ಕ್ರೈಸ್ತ ಅಭಿಮಾನಿಗಳು ಇದನ್ನು ದ್ರೋಹವೆಂದೇ ಭಾವಿಸಿದರು. ನಾವು ಹಾಗೆನ್ನುವುದಿಲ್ಲ. ಅರ್ಥ್, ವಿಂಡ್ ಅಂಡ್ ಫೈರ್ ತಂಡದ 'ಶೈನಿಂಗ್ ಸ್ಟಾರ್' ಸೇರಿದಂತೆ ಇಲ್ಲಿ ವಾದನಕ್ಕೆ ಮತ್ತೆ ಜೀವ ಬಂದಿದೆ, ಹಾಡುಗಳಲ್ಲಿ ಹೊಲಸು ಮಾತಿಲ್ಲ. ನಮ್ಮ ಪಟ್ಟಿಯಲ್ಲಿ ಇದಕ್ಕೆ ಮೂರನೇ ಸ್ಥಾನ. ಆದರೆ ಇವರು ಯಾರು, ಯಾಕೆ ಹಾಡುತ್ತಿದ್ದಾರೆ ಎಂಬುದು ಕೇಳುವವನಿಗೆ ತಿಳಿಯುವುದಿಲ್ಲ. ನಗುವವರ ಬಾಯಿ ಮುಚ್ಚಿಸಲು ಹೋಗಿ ತಮ್ಮ ದನಿಯನ್ನೇ ಬಿಟ್ಟುಕೊಟ್ಟಂತಾಯಿತು. 1992ರಲ್ಲಿ ಮೈಕಲ್ ತಂಡ ಬಿಟ್ಟರು. ಅವರೆಲ್ಲ ಮತ್ತೆ ಕೂಡಿದ್ದು 2003ರಲ್ಲಿ. 2005ರ 'ರೀಬಾರ್ನ್'ನಿಂದ ಆಚೆಗೆ ವಿಶ್ವಾಸವೂ ಬಿರುಸೂ ಒಟ್ಟಿಗೆ ಮರಳಿವೆ.

ಹಾಗಾದರೆ ನಮಗೇನು ಪಾಠ? ತಬಲಾ, ಹಾರ್ಮೋನಿಯಂ ದೇವಾಲಯಕ್ಕಾಗಿ ಹುಟ್ಟಿದವಲ್ಲ. ಆದರೂ ಇಂದು ಕನ್ನಡ ಬಲಿಪೂಜೆಯ ಗಾಯನಕ್ಕೆ ಅವು ಚೆನ್ನಾಗಿ ಒಗ್ಗಿವೆ. ವಾದ್ಯದಲ್ಲಿ ಪಾಪವಿಲ್ಲ. ಹಾಗೆಂದು ಸ್ಟ್ರೈಪರ್ ಹಾಡುಗಳನ್ನು ಪೂಜೆಯಲ್ಲಿ ಹಾಡೋಣ ಎಂದು ನಾವು ಹೇಳುತ್ತಿಲ್ಲ. ಪೂಜೆಗೆ ಅದರದೇ ಮರ್ಯಾದೆ, ಮೌನ ಇದೆ. ಮನೆಯಲ್ಲಿ, ಬಸ್ಸಿನಲ್ಲಿ, ಯುವಕೂಟದಲ್ಲಿ ಕೇಳಲು ಅಡ್ಡಿಯೇನು?

ಯುವಕರಿಗೂ ಒಂದು ಮಾತು. ದೇವರ ಹೆಸರಿನ ಮರೆಯಲ್ಲಿ ಕಳಪೆ ಹಾಡು ನಡೆದೀತು ಎಂದುಕೊಳ್ಳಬೇಡಿ. ಶ್ರುತಿ ಸೇರದ ಗಿಟಾರ್, ಅಭ್ಯಾಸವಿಲ್ಲದ ಗಾಯನ, ಎಲ್ಲಿಂದಲೋ ಎತ್ತಿ ಪೋಣಿಸಿದ ಸಾಲುಗಳು ಕಾಣಿಕೆಯಾಗುವುದಿಲ್ಲ. ಆಬೇಲನು ಅರ್ಪಿಸಿದ್ದು ಮಂದೆಯ ಚೊಚ್ಚಲ ಮರಿಗಳನ್ನು, ಉಳಿದುಹೋದವನ್ನಲ್ಲ.

ನಮ್ಮ ಪಟ್ಟಿ ಒಪ್ಪದವರು ಐದನ್ನೂ ಕೇಳಿ ಯುವಕೂಟಕ್ಕೆ ಬನ್ನಿ, ವಾದ ಮಾಡೋಣ. ಮನೆಯಲ್ಲಿ ಬೇಡವೆನ್ನುವ ಅಪ್ಪ-ಅಮ್ಮನಿಗೆ 'ಸೋಲ್ಜರ್ಸ್ ಅಂಡರ್ ಕಮಾಂಡ್' ಸಾಹಿತ್ಯದ ಅರ್ಥವನ್ನು ಕನ್ನಡದಲ್ಲಿ ಹೇಳಿ, ಆಮೇಲೆ ಹಾಡು ಹಾಕಿ. ಸದ್ದು ಮಾತ್ರ ಸ್ವಲ್ಪ ಕಡಿಮೆ ಇರಲಿ.