ಅಕ್ಷರಪಟ್ಟಿಗೆ ಎರಡು ತಂತಿಗಳೇಕೆ?

ವಾರ್ತಾಪ್ರಸಾರದ ವೇಳೆ ತೆರೆಯ ಕೆಳಗೆ ಹೆಸರು, ಅಂಕಿ, ಶೀರ್ಷಿಕೆಗಳು ಮೂಡಿ ಮರೆಯಾಗುವುದನ್ನು ವಾಚಕರೆಲ್ಲರೂ ಕಂಡಿರುವರಷ್ಟೆ. ಅವುಗಳನ್ನು ರಚಿಸುವ ತಂತ್ರಾಂಶವನ್ನು ಕಲಿಯಲು ತರುಣರಲ್ಲಿ ಉತ್ಸಾಹವಿರುವುದು ಸಹಜ. ಆದರೆ ಗ್ರಾಫಿಕ್ಸ್ ಯಂತ್ರದ ಹಿಂಬದಿಗೆ ತಂತಿ ಸಿಕ್ಕಿಸುವುದು ಸಹಾಯಕನ ಕೆಲಸ, ಕಲಿತವನದಲ್ಲ ಎಂಬ ಭಾವನೆಯನ್ನು ನಾನು ಒಪ್ಪಲಾರೆ.

ಅಲ್ಲಿರುವ ಪೋರ್ಟುಗಳು ಬಹುಮಟ್ಟಿಗೆ ಬಿಎನ್‌ಸಿ ಎಂಬ ಒಂದೇ ಆಕಾರದವು. ನೋಟದಿಂದ ಅವುಗಳ ಕಾರ್ಯವು ತಿಳಿಯದು. ಒಂದರಿಂದ ‘ಫಿಲ್’ ಹೊರಡುವುದು. ಅಕ್ಷರದ ಬಣ್ಣವೆಲ್ಲ ಇದರಲ್ಲಿರುತ್ತದೆ. ಇನ್ನೊಂದರಿಂದ ‘ಕೀ’ ಎಂಬ ಕಪ್ಪು ಬಿಳುಪಿನ ಚಿತ್ರವು ಹೊರಡುವುದು. ಕೀ ಬಿಳಿಯಾಗಿರುವಲ್ಲಿ ಸ್ವಿಚರ್ ಯಂತ್ರವು ಫಿಲ್ಲನ್ನು ತೋರಿಸುತ್ತದೆ. ಕಪ್ಪಾಗಿರುವಲ್ಲಿ ಕ್ಯಾಮೆರಾದ ಚಿತ್ರವನ್ನು ಉಳಿಸುತ್ತದೆ. ಬೂದುಬಣ್ಣವಿರುವಲ್ಲಿ ಎರಡನ್ನೂ ಬೆರೆಸುತ್ತದೆ. ಎಸ್‌ಡಿಐ ಸಂಕೇತದ ಸಾಮಾನ್ಯ ರೂಪದಲ್ಲಿ ಪಾರದರ್ಶಕತೆಗೆ ಸ್ಥಳವಿಲ್ಲವಾದುದರಿಂದಲೇ ಈ ಎರಡನೆಯ ತಂತಿ. ಇವೆರಡೂ ಅದಲುಬದಲಾದರೆ ಹಳದಿ ಪಟ್ಟಿಯ ಮೇಲಿನ ಕಪ್ಪು ಅಕ್ಷರಗಳು ಕೇವಲ ರಂಧ್ರಗಳಾಗಿ, ಅವುಗಳ ಮೂಲಕ ಹಿಂದಿನ ದೃಶ್ಯವು ಇಣುಕುವುದು!

ತಂತಿ ಸರಿಯಿದ್ದರೂ ಸಾಲದು. ಕೆಲವು ಯಂತ್ರಗಳಲ್ಲಿ ಒಂದೇ ಪೋರ್ಟು ಸಂಕೇತವನ್ನು ಒಳಗೆ ತರಬೇಕೋ ಹೊರಗೆ ಕಳುಹಬೇಕೋ ಎಂಬುದನ್ನೂ ನಾವೇ ನಿಗದಿಮಾಡಬೇಕು. ಇದಕ್ಕಿಂತ ಸೂಕ್ಷ್ಮವಾದುದು ಗುಣಾಕಾರದ ವಿಷಯ. ಅಕ್ಷರದ ಅಂಚಿನಲ್ಲಿ ಕೀಯ ಬೆಲೆ 0.5 ಇದೆಯೆನ್ನಿ. ಗ್ರಾಫಿಕ್ಸ್ ಯಂತ್ರವು ಫಿಲ್ಲನ್ನು ಮೊದಲೇ ಕೀಯಿಂದ ಗುಣಿಸಿ ಕಳುಹಿಸಿದ್ದು, ಸ್ವಿಚರ್ ಅದನ್ನರಿಯದೆ ಮತ್ತೊಮ್ಮೆ ಗುಣಿಸಿದರೆ, ಅಕ್ಷರದ ಪಾಲು 0.25ಕ್ಕೆ ಇಳಿಯುವುದು. ಅಕ್ಷರದ ಸುತ್ತ ಕಾಣುವ ಕಪ್ಪು ಗೆರೆಗೆ ಕಾರಣವು ಎಷ್ಟೋ ವೇಳೆ ಇದೇ. ಚಿತ್ರಕಾರನನ್ನು ದೂರಿ ಏನು ಪ್ರಯೋಜನ?

ಇನ್ನು ಕಾಲದ ಹೊಂದಾಣಿಕೆ. ‘ರೆಫರೆನ್ಸ್’ ಪೋರ್ಟಿಗೆ ಬರುವ ಸಂಕೇತವು ಸ್ಟುಡಿಯೋದ ಯಂತ್ರಗಳೆಲ್ಲವನ್ನೂ ಒಂದೇ ತಾಳಕ್ಕೆ ನಡೆಸುತ್ತದೆ. ಸೆಕೆಂಡಿಗೆ 25 ಚಿತ್ರಗಳ ಪದ್ಧತಿಯಲ್ಲಿ ಕೀ ಒಂದೇ ಚಿತ್ರದಷ್ಟು, ಅಂದರೆ 40 ಮಿಲಿಸೆಕೆಂಡು ಹಿಂದುಳಿದರೂ, ಓಡುವ ಅಕ್ಷರದ ಬಣ್ಣವೊಂದೆಡೆ, ಆಕಾರವೊಂದೆಡೆ ಆಗುವುದು. ತಂತಿಯು 75 ಓಮಿನದಾಗಿರಬೇಕು. 50 ಓಮಿನ ಬಿಎನ್‌ಸಿ ತಂತಿಯೂ ಹೊರನೋಟಕ್ಕೆ ಹಾಗೆಯೇ ಇರುವುದೆಂಬುದು ಒಂದು ಉಪದ್ರವವೇ ಸರಿ.

ಜಾಲದ ಮೂಲಕ ವಿಡಿಯೋ ಸಾಗಿಸುವ ಪದ್ಧತಿ ಬಂದಿರುವಾಗ ಇದೆಲ್ಲ ಏಕೆಂದು ಕೆಲವರು ಕೇಳಬಹುದು. ಅಲ್ಲಿಯೂ ಫಿಲ್ ಮತ್ತು ಕೀ ಸಾಮಾನ್ಯವಾಗಿ ಎರಡು ಪ್ರವಾಹಗಳಾಗಿಯೇ ಸಾಗುತ್ತವೆ. ಕಣ್ಣಿಗೆ ಕಾಣುತ್ತಿದ್ದ ತಂತಿಯು ಮರೆಯಾಗಿದೆಯಷ್ಟೆ.

ಆದುದರಿಂದ ಮಾಧ್ಯಮ ಶಿಕ್ಷಣದ ಪ್ರಾಯೋಗಿಕ ಪರೀಕ್ಷೆಯಲ್ಲಿ ಸುಂದರವಾದ ಪಟ್ಟಿಯನ್ನು ಬರೆಯಿಸಿದರೆ ಸಾಲದು. ಅಧ್ಯಾಪಕರು ಒಂದು ತಂತಿಯನ್ನೋ ಒಂದು ಹೊಂದಿಕೆಯನ್ನೋ ಬೇಕೆಂದೇ ತಪ್ಪಾಗಿರಿಸಲಿ. ತೆರೆಯನ್ನು ಮಾತ್ರ ನೋಡಿ ದೋಷವೆಲ್ಲಿದೆಯೆಂದು ವಿದ್ಯಾರ್ಥಿಯು ಹೇಳಲಿ.